ಒಂಬತ್ತನೇ ಕಲಮಿನ ಹಳದಿ ಚೀಟಿ

"ಎಲ್ಲಾ ಆಯಮ್ಮನದೇ ಕಿತಾಪತಿ," ಎಂದು ರಾಯಭಾರಿಗಳು ಊದಿದ ಕೆನ್ನೆಗೆ ಅಂಗೈ ಒತ್ತಿಕೊಂಡು ತಮ್ಮಷ್ಟಕ್ಕೇ ಗೊಣಗಿದರು.

ಮೇಜಿನ ನಡುವೆ ವ್ಯಾಪಾರ ನಿಯಮಗಳ ಕರಡು. ಅದರ ಒಂಬತ್ತನೇ ಕಲಮಿನ ಮೇಲೆ ಹಳದಿ ಚೀಟಿ. ಮಿತ್ರದೇಶಗಳು ಕೂಡುವ ಈ ಕೋಣೆಯಲ್ಲಿ ಆಕ್ಷೇಪಣೆಗೆ ಮಾತು ಬೇಕಿಲ್ಲ. ಖಾಲಿ ಚೀಟಿಯೊಂದನ್ನು ಅಂಟಿಸಿದರೆ ಸಾಕು. ಅಂಟಿಸಿದವರೇ ಮೊದಲು ಬಾಯಿ ಬಿಡಬೇಕು, ಅಂಟಿಸಿದವರೇ ಕೀಳಬೇಕು. ಬೇರೆಯವರು ಮುಟ್ಟಿದರೆ ಮರ್ಯಾದೆಗೇಡು.

ಆಯಮ್ಮ, ಅಂದರೆ ಎದುರು ಕೂತ ಮಿತ್ರದೇಶದ ಪ್ರತಿನಿಧಿ, ಆ ಕಲಮಿನ ಬಗ್ಗೆ ಹನ್ನೊಂದು ದಿನದಿಂದ ತುಟಿ ಬಿಚ್ಚಿರಲಿಲ್ಲ. ಇಂದು ಐದು ಗಂಟೆಗೆ ಜಂಟಿ ಕರಡು ಸಲ್ಲಿಕೆಯಾಗದಿದ್ದರೆ ಮೂರು ವರ್ಷದ ದುಡಿಮೆ ನೀರುಪಾಲು. ಮುಂದಿನ ತಿಂಗಳು ನಿವೃತ್ತರಾಗುವ ರಾಯಭಾರಿಗಳು ಬರಿಗೈಯಲ್ಲಿ ಮನೆಗೆ ಹೋಗಬೇಕು.

ಫೋನು ನಡುಗಿತು. ಹೆಂಡತಿ.

"ಹಲ್ಲು ಹೇಗಿದೆ ರೀ?"

"ಇದೆ."

"ಹೋದ ವಾರ ಡಾಕ್ಟರ ಹತ್ರ ಹೋಗಿದ್ದಿದ್ರೆ ಇರ್ತಿರಲಿಲ್ಲ. ಈ ಸಲದ ಮೀಟಿಂಗು ಶುರುವಾದ ದಿನವೇ ಫೋನಲ್ಲಿ ಹೇಳಿದ್ನಲ್ಲ, ಬರ್ಕೊಂಡೆ ಅಂದ್ರಿ."

"ಬರ್ಕೊಂಡೆ ಕಣೇ. ಎಲ್ಲಿ ಅಂತ ಗೊತ್ತಿಲ್ಲ. ಇಲ್ಲಿ ದೇಶ ಮುಳುಗ್ತಾ ಇದೆ, ಇಡು."

ನಾಲ್ಕೂವರೆ. ರಾಯಭಾರಿಗಳು ಗಟ್ಟಿಮನಸ್ಸು ಮಾಡಿದರು. "ಮೇಡಂ, ಸಕ್ಕರೆ ಸುಂಕ ನೀವು ಹೇಳಿದ ಹಾಗೇ ಆಗಲಿ. ಈಗಲಾದ್ರೂ ಒಂಬತ್ತನೇ ಕಲಮು…"

ಆಕೆ ಕಣ್ಣರಳಿಸಿದರು. "ಹಾಗಿದ್ರೆ ಬಂದರು ಶುಲ್ಕ ನಾವು ಬಿಟ್ವಿ. ನೀವೂ ದೊಡ್ಡ ಮನಸ್ಸು ಮಾಡಿ ಸಾರ್."

"ಮನಸ್ಸು ಮಾಡಬೇಕಾದವರು ನೀವು."

"ಚೆನ್ನಾಗಿದೆ ಕಥೆ!"

ಹಟ ಏರಿತು, ಧಾರಾಳವೂ ಏರಿತು. ಅವರು ಚರ್ಮದ ಮೇಲಿನ ನಿರ್ಬಂಧ ಬಿಟ್ಟರು, ಇವರು ಮರದ ದಿಮ್ಮಿಗಳ ಕೋಟಾ ಬಿಟ್ಟರು. ಮೂರು ವರ್ಷ ಜಗ್ಗದಿದ್ದ ಇಬ್ಬರೂ ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ಕೊಟ್ಟು ಕೈತೊಳೆದುಕೊಂಡರು. ಚೀಟಿ ಮಾತ್ರ ಇದ್ದಲ್ಲೇ ಇತ್ತು.

ಐದಕ್ಕೆ ಐದು ನಿಮಿಷ. "ಮರ್ಯಾದೆ ಮನೆ ಹಾಳಾಗಲಿ," ಎಂದು ಆಕೆ ಚೀಟಿಯನ್ನು ಪರ್ರನೆ ಕಿತ್ತರು.

ಕೊನೆಗೂ ಒಪ್ಪಿಕೊಂಡಳಲ್ಲ! ಆ ಖುಷಿಗೆ ರಾಯಭಾರಿಗಳಿಗೆ ಹಲ್ಲುನೋವೇ ಮರೆತುಹೋಯಿತು.

ಆಕೆ ಚೀಟಿಯನ್ನು ಮಗುಚಿದರು. ಅಂಟಿನ ಬದಿಯನ್ನು ಓದಿದರು. ರಾಯಭಾರಿಗಳ ಕೆನ್ನೆಯನ್ನೊಮ್ಮೆ ನೋಡಿದರು. ತುಟಿ ಕಚ್ಚಿಕೊಂಡು, ಚೀಟಿಯನ್ನು ಮೆಲ್ಲಗೆ ಅವರತ್ತ ಸರಿಸಿದರು.

ರಾಯಭಾರಿಗಳದೇ ಕೋಳಿಕಾಲಿನಂಥ ಅಕ್ಷರ: "ಹಲ್ಲಿನ ಡಾಕ್ಟರು. ಮಂಗಳವಾರ, ನಾಲ್ಕು ಗಂಟೆ. ಮರೆಯಕೂಡದು."