ಮೀನಾಕ್ಷಮ್ಮನವರ ಮೈಕು

ಇದೊಂದು ಪದ್ಯ ಓದಿ ಗಮಕದ ಆನ್‌ಲೈನ್ ಕ್ಲಾಸು ಬಿಟ್ಟುಬಿಡುವುದೆಂದು ತೀರ್ಮಾನಿಸಿಯೇ ಉತ್ತರಹಳ್ಳಿಯ ಕೆಂಪರಾಜು ಫೋನಿನ ಮುಂದೆ ಕೂತು ರಾಗ ಎತ್ತಿದ. ತಾನು ತೊದಲಿದಾಗಲೆಲ್ಲ ಪರದೆಯಲ್ಲಿ ಗುರು ಮೀನಾಕ್ಷಮ್ಮನವರ ತುಟಿ ಅಲುಗುವುದನ್ನು ಅವನು ಕಂಡಿದ್ದ. ನಗುತ್ತಾರೆ ಎಂದೇ ಅವನ ನಂಬಿಕೆ.

ಪದ್ಮನಾಭನಗರದಲ್ಲಿ ಮೀನಾಕ್ಷಮ್ಮನವರ ಹಳೆಯ ಲ್ಯಾಪ್‌ಟಾಪಿಗೆ ಮಗಳು ಅಂಜನಾ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದಂದಿನಿಂದ ಮೈಕು ಮೂಕವಾಗಿತ್ತು. “ನಾವು ವಿಂಡೋಸಿಗೆ ಮಾತ್ರ” ಎಂದು ಲ್ಯಾಪ್‌ಟಾಪಿನ ಕಂಪನಿ ಕೈತೊಳೆದುಕೊಂಡಿತ್ತು. ಹಾಗಾಗಿ ಮೀನಾಕ್ಷಮ್ಮ ಕೇಳುತ್ತ ಕೂರುವರು. ತಪ್ಪಿದ್ದರೆ ಮಾತ್ರ ಒಂದೇ ಬೆರಳಲ್ಲಿ ಟೈಪು ಮಾಡುವರು: ‘ಮಹಾಪ್ರಾಣ’, ‘ಪದ ಒಡೆಯಬೇಡಿ’. ಐವತ್ತು ದಾಟಿದ ಕೆಂಪರಾಜುವಿಗೆ ದಕ್ಕಿದ್ದೆಲ್ಲ ಬರೀ ತಪ್ಪುಗಳೇ.

ಎರಡನೆಯ ಸಾಲಿನಲ್ಲಿ ನಾಲಿಗೆ ತೊದಲಿತು. ಅವರ ತುಟಿ ಅಲುಗಿತು. ಇಂದು ಅದರ ಜೊತೆಗೆ ಮೆಲ್ಲನೆಯ ದನಿಯೂ ಬಂತು: “ಆಹಾ… ಹಾಗೇ ಬಾರಪ್ಪ, ಅವಸರ ಇಲ್ಲ. ಎಂಥ ಕಂಠ ಕೊಟ್ಟಿದಾನೆ ಶಿವ ನಿಂಗೆ!”

ಕೆಂಪರಾಜು ಓದು ನಿಲ್ಲಿಸಿದ. “ಅಮ್ಮಾ, ನೀವ್ ಮಾತಾಡೋದು ಕೇಳಿಸ್ತಿದೆ!”

“ಅಯ್ಯಯ್ಯೋ!” ಮೀನಾಕ್ಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಳಗಿನಿಂದ ಅಂಜನಾ ಕೂಗಿದಳು: “ಕಂಪನಿಯವ್ರು ಕೊನೆಗೂ ಲಿನಕ್ಸಿಗೆ ಮೈಕಿನ ಡ್ರೈವರ್ ಸಾಫ್ಟ್‌ವೇರ್ ಬಿಟ್ಟಿದಾರೆ ಕಣಮ್ಮ, ಬೆಳಿಗ್ಗೆ ಹಾಕ್ದೆ. ಇನ್ಮೇಲೆ ನೀನು ಗೊಣಗೋದೆಲ್ಲ ಊರಿಗೇ ಕೇಳುತ್ತೆ!”

“ದಿನಾನೂ ಹಿಂಗೇ ಅಂತಿದ್ರಾ?” ಕೆಂಪರಾಜು ಕೇಳಿದ.

“ಮತ್ತೆ? ನೀನು ಓದೋದು ಕೇಳಿ ಸುಮ್ನಿರೋಕಾಗುತ್ತೇನಪ್ಪ?”

ಕೆಂಪರಾಜು ಗಂಟಲು ಸರಿಮಾಡಿಕೊಂಡು ಮೊದಲ ಸಾಲಿನಿಂದ ಮತ್ತೆ ಎತ್ತಿಕೊಂಡ.