ಬಿಚ್ಚಿ ಹೊಲಿಯುವುದು

"ನಿನ್ನೆ ಹೊಲಿದೆ ಅನ್ನೋದನ್ನ ಇಂಗ್ಲಿಷಲ್ಲಿ ಹೇಳಿ ಅತ್ತೆ," ಎಂದಳು ಸೊಸೆ.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅತ್ತೆ ಕಣ್ಣು ಮುಚ್ಚಿ, "ಯೆಸ್ಟರ್‌ಡೇ ಐ ವಿಲ್ ಸ್ಟಿಚ್," ಎಂದರು. ನಾಳೆಯೇ ದೊಡ್ಡ ಬಟ್ಟೆ ಕಂಪನಿಯವರು ಕೆಲಸ ಕೊಡುವ ಮುಂಚೆ ಇಂಗ್ಲಿಷಲ್ಲಿ ಮಾತಾಡಿಸಲು ಬರುತ್ತಾರೆ. ಬೆಳಗಿನಿಂದ ಇದೇ ತಪ್ಪು.

"ಎಷ್ಟು ಸಲ ಹೇಳೋದು? ತಲೆಗೇ ಹೋಗಲ್ವಾ?"

ಅಂದ ಮೇಲೆ ಸೊಸೆ ನಾಲಿಗೆ ಕಚ್ಚಿಕೊಂಡಳು. ಅತ್ತೆಯ ಈ ಹೊಲಿಗೆ ಅಂಗಡಿಗೆ ಕೆಲಸ ಕಲಿಯಲು ಬಂದ ಹೊಸದರಲ್ಲಿ, ಕಾಲರ್ ಸೊಟ್ಟಗಾದಾಗಲೆಲ್ಲ ಅತ್ತೆಯ ಬಾಯಿಂದ ಅವಳು ಕೇಳಿದ್ದು ಇದೇ ಮಾತು, ಇದೇ ದನಿ. ಬೈದು, ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಅವಳ ಮುಂದೆ ಎಸೆಯುತ್ತಿದ್ದರು.

ಅತ್ತೆ ಸಿಟ್ಟಾಗಲಿಲ್ಲ. ಡ್ರಾಯರ್ ಎಳೆದು, ಅದೇ ಕೊಕ್ಕೆಯನ್ನು ತೆಗೆದು, ಸೊಸೆಯ ಅಂಗೈಯಲ್ಲಿ ಮೆಲ್ಲಗೆ ಇಟ್ಟರು.

"ನನ್ನ ಹಾಗೆ ಎಸೀಬೇಡ ಕಣೇ," ಎಂದರು. "ಎಲ್ಲಿ ತಪ್ಪಿತು ಅಂತ ಬಿಚ್ಚಿ ತೋರಿಸು, ಮತ್ತೆ ಹೊಲಿತೀನಿ."