ಮಾತಾಡುವ ಎಲೆ

ಮದುವೆ ಛತ್ರದಲ್ಲಿ ಎರಡನೇ ಪಂಕ್ತಿ ಕೂತಿತ್ತು. ಶ್ರೀಕಂಠಯ್ಯನವರು ಬೆರಳಿಟ್ಟ ಕೂಡಲೇ ಎಲೆ ಎಂದಿನಂತೆ ಅವರ ರಕ್ತ ಓದಿ, "ಬಿಪಿ ನೂರ ಅರವತ್ತೆಂಟು" ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿತು. ಅವರೇನೂ ಅಳುಕಲಿಲ್ಲ. ಮಹಾತ್ಯಾಗಿಯಂತೆ ಉಪ್ಪು, ಉಪ್ಪಿನಕಾಯಿಗಳನ್ನು ಪಕ್ಕಕ್ಕೆ ಸರಿಸಿ, ಮೂರು ಒಬ್ಬಟ್ಟು ಮುಗಿಸಿ ನಾಲ್ಕನೆಯದಕ್ಕೆ ತುಪ್ಪ ಹಾಕಿಸಿಕೊಂಡರು.

"ಸಂಕೋಚ ಮಾಡ್ಕೋಬೇಡಿ," ಎಂದರು ಬಡಿಸುತ್ತಿದ್ದ ಭಟ್ಟರು.

"ಸಂಕೋಚ ಯಾಕೆ? ನಂಗಿರೋದು ಬರೀ ಬಿಪಿ. ಶುಗರ್ ಇನ್ನೂ ಬಂದಿಲ್ಲ."

"ದಾರೀಲಿದೆ," ಎಂದಿತು ಎಲೆ. "ಇನ್ಸುಲಿನ್ ಎಷ್ಟು ಕೂಗಿದ್ರೂ ನಿಮ್ಮ ಮೈ ಕೇಳ್ತಿಲ್ಲ. ಇನ್ಸುಲಿನ್ ಹೆಚ್ಚಾದಷ್ಟೂ ಕಿಡ್ನಿ ಉಪ್ಪನ್ನ ಒಳಗೇ ಇಟ್ಕೊಳ್ತಿದೆ. ರಕ್ತದಲ್ಲಿ ಕೊಬ್ಬು ಬೇರೆ ನಾನೂರು ದಾಟಿದೆ. ಬಿಪಿ ಏರದೆ ಇನ್ನೇನಾಗುತ್ತೆ?"

ಇಷ್ಟು ಹೇಳಿ ಎಲೆ ತಾನೇ ಮಡಚಿಕೊಂಡಿತು. ಊಟ ಮುಗಿಯಿತು ಎಂದರ್ಥ.

ಶ್ರೀಕಂಠಯ್ಯನವರಿಗೆ ರೇಗಿತು. "ಭಟ್ರೇ, ಈ ಎಲೆ ಕೆಟ್ಟಿದೆ. ಹಳೇ ಕಾಲದ ಬಾಳೆಎಲೆ ಹಾಕಿ, ಮಾತಾಡದೇ ಇರೋದು."

"ಅದನ್ನ ವೈಕುಂಠ ಸಮಾರಾಧನೆಗೆ ಮಾತ್ರ ಹಾಕೋದು, ಸ್ವಾಮೀ," ಎಂದರು ಭಟ್ಟರು. "ಸಂಕೋಚ ಮಾಡ್ಕೋಬೇಡಿ, ನಿಮ್ಮನೇಲಿ ಎಷ್ಟು ಜನಕ್ಕೆ ಬೇಕಾಗುತ್ತೆ ಅಂತ ಈಗಲೇ ಹೇಳಿಬಿಡಿ."